ಹೊಟ್ಟಿನೊಳಗಿನ ಹಂಡೆ

ಬಂಡೆಮ್ಮ ನೀರಿನ ಬಿಸಿ ನೋಡುತ್ತಿದ್ದುದು ಮೊಣಕೈಯಿಂದ. ಬೆರಳು ಸುಳ್ಳು ಹೇಳುತ್ತದೆ ಎನ್ನುವುದು ಆಕೆಯ ವಾದ. ಹುಟ್ಟಿದಾಗಿನಿಂದ ಒಲೆಯ ಮುಂದೆ ಕೂತ ಹೆಂಗಸಿನ ಬೆರಳು ಕೆಂಡವನ್ನೂ ತಣ್ಣಗಿದೆ ಎಂದುಬಿಡುತ್ತದೆ. ಮೊಣಕೈ ಹಾಗಲ್ಲ, ಅದಕ್ಕಿನ್ನೂ ಮೈಯ ನೆನಪಿದೆ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಹಂಡೆಯ ಮೇಲೆ ಬಾಗಿ, ಮೊಣಕೈಯನ್ನು ನೀರಿಗೆ ಮುಟ್ಟಿಸಿ, ಕಣ್ಣು ಮುಚ್ಚಿ ಒಂದು ಗಳಿಗೆ ನಿಲ್ಲುತ್ತಿದ್ದಳು. ಆಮೇಲೆ "ಹೂಂ, ಕರಕೊಂಬರ್ರಿ" ಎಂದರೆ ಬಾಣಂತಿಯನ್ನು ಬಚ್ಚಲಿಗೆ ಕರೆತರಬಹುದು ಎಂದು ಅರ್ಥ. ಅಲ್ಲಿಯವರೆಗೆ ಡಾಕ್ಟರ್ ಸಾಹೇಬರೇ ಬಂದು ಅವಸರ ಮಾಡಿದರೂ ಆಕೆ ಕಣ್ಣು ತೆರೆಯುತ್ತಿರಲಿಲ್ಲ.

ಆ ದವಾಖಾನೆ ಮಾನ್ವಿಯಿಂದ ದೇವದುರ್ಗದ ಕಡೆಗೆ ಹೋಗುವ ರಸ್ತೆಯ ಮೇಲಿತ್ತು. ಊರಿನ ಹೆಸರು ಬೇಡ ಬಿಡಿ; ಸರ್ಕಾರದ ಮಾತು ಬಂದಾಗ ಊರು ಹೇಳಿದರೆ ಯಾರಾದರೊಬ್ಬರು ಫೈಲು ತೆಗೆಸುತ್ತಾರೆ. ಹನ್ನೆರಡು ಮಂಚ, ಮುಂದೆ ಒಂದು ಬೇವಿನ ಮರ, ಹಿಂದೆ ತಗಡು ಹೊದಿಸಿದ ನೀರು ಕಾಯಿಸುವ ಕೋಣೆ. ಹದಿನೆಂಟು ವರ್ಷ ಬಂಡೆಮ್ಮನ ಸಂಸಾರ ಆ ತಗಡಿನ ಕೆಳಗೆ ನಡೆಯಿತು.

ಆಕೆ ಅಲ್ಲಿಗೆ ಬಂದದ್ದು ಕೆಲಸ ಹುಡುಕಿಕೊಂಡಲ್ಲ. ಆಕೆಯದು ದೇವದುರ್ಗದ ಕಡೆಯ ಒಂದು ಹಳ್ಳಿಯ ಕುರಿ ಕಾಯುವ ಮನೆತನ. ಗಂಡ ಬೇಗ ಹೋದ. ಇದ್ದವಳು ಒಬ್ಬಳೇ ಮಗಳು, ಬೂದೆಮ್ಮ. ಎಪ್ಪತ್ತರ ಚಳಿಗಾಲದಲ್ಲಿ ಬೂದೆಮ್ಮ ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಎರಡು ದಿನ ನೋವು ತಿಂದರೂ ಕೂಸು ಹೊರಗೆ ಬರಲಿಲ್ಲ. ಅಳಿಯ ಬಂಡಿ ಕಟ್ಟಿ ತಂದು ಬಾಗಿಲಿಗೆ ನಿಲ್ಲಿಸಿದ, ದವಾಖಾನೆಗೆ ಹೋಗೋಣ ಎಂದ. ಬಂಡೆಮ್ಮ ಹೊಸ್ತಿಲಿಗೆ ಅಡ್ಡ ನಿಂತಳು.

"ಬ್ಯಾಡೋ ಯಪ್ಪಾ. ದವಾಖಾನ್ಯಾಗ ಹಸಿ ಬಾಣಂತಿ ಮೈಮ್ಯಾಲ ತಣ್ಣೀರು ಸುರೀತಾರಂತ. ನನ್ನ ಮಗಳು ಇಲ್ಲೇ ಹಡೀತಾಳ" ಎಂದಳು.

ಹಾಗೆ ಹೇಳಿದ್ದು ಆಕೆಯೊಬ್ಬಳೇ ಅಲ್ಲ. ಆ ಸೀಮೆಯಲ್ಲಿ ಯಾವ ತಾಯಿಯಾದರೂ ಅದನ್ನೇ ಹೇಳುತ್ತಿದ್ದಳು. ಹಡೆದ ಮೈಗೆ ತಣ್ಣೀರು ಸೋಕಿದರೆ ಬಾಣಂತಿ ಉಳಿಯುವುದಿಲ್ಲ ಎನ್ನುವುದು ಎಲ್ಲರ ನಂಬಿಕೆ. ಮನೆಯ ಒಲೆಯ ಮೇಲೆ ಹಂಡೆ ತುಂಬ ನೀರು ಕಾದಿತ್ತು. ಮೂರನೆಯ ದಿನ ಕೂಸು ಬಂತು, ಬೂದೆಮ್ಮ ಹೋದಳು. ಬಾಣಂತಿಗೆಂದು ಕಾಯಿಸಿದ್ದ ಆ ನೀರನ್ನೇ ಆಕೆಯ ಕೊನೆಯ ಸ್ನಾನಕ್ಕೆ ಹಾಕಿದರು.

ಕೂಸಿಗೆ ಭೀಮವ್ವ ಎಂದು ಹೆಸರಿಟ್ಟರು. ತಿಂಗಳು ತುಂಬುವುದರೊಳಗೆ ಅದಕ್ಕೆ ಹೊಟ್ಟೆ ಕೆಟ್ಟು ಕಣ್ಣು ಒಳಗೆ ಹೋದವು. ಈ ಸಲ ಬಂಡೆಮ್ಮ ಯಾರ ಮಾತೂ ಕೇಳಲಿಲ್ಲ. ಕೂಸನ್ನು ತನ್ನ ಅಪ್ಪನ ಕಾಲದ ಕರಿ ಕಂಬಳಿಯಲ್ಲಿ ಸುತ್ತಿಕೊಂಡು ಆ ದವಾಖಾನೆಗೆ ನಡೆದೇ ಬಂದಳು. ಅಲ್ಲಿ ಗುಲ್ಶನ್ ಬೇಗಂ ಎಂಬ ನರ್ಸಮ್ಮ ಇದ್ದರು. ರಾಯಚೂರಿನವರು, ಮಾತು ಬಿರುಸು, ಕೈ ಮೆತ್ತಗೆ. ಎಂಟು ದಿನ ಚಮಚದಲ್ಲಿ ನೀರು ಹಾಲು ಕುಡಿಸಿ ಕೂಸನ್ನು ಉಳಿಸಿದರು. ಒಂಬತ್ತನೆಯ ದಿನ ಬಂಡೆಮ್ಮ ಬಾಯಿ ಬಿಟ್ಟಳು.

"ಇಲ್ಲಿ ಬಾಣಂತಿಗೆ ತಣ್ಣೀರು ಹಾಕ್ತಾರಂತ, ಖರೇ ಏನ್ರಿ ನರ್ಸಮ್ಮಾರ?"

ಗುಲ್ಶನ್ ಬೇಗಂ ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. "ಖರೇ. ಕಟ್ಟಿಗಿ ಇರಂಗಿಲ್ಲ. ಸೂಜಿ ಕತ್ತರಿ ಸಾಮಾನು ಕುದಸಾಕ, ಗಂಜಿ ಮಾಡಾಕ ಸಾಲಂಗಿಲ್ಲ. ಥಂಡಿ ದಿನದಾಗ ನನಗೂ ಹೊಟ್ಟಿ ಉರೀತದ, ಏನ್ ಮಾಡ್ಲಿ?"

ಅಂದರೆ ಬಂಡೆಮ್ಮ ಹೊಸ್ತಿಲಲ್ಲಿ ನಿಂತು ಹೇಳಿದ್ದು ಸುಳ್ಳಾಗಿರಲಿಲ್ಲ. ಅದು ಸುಳ್ಳಾಗಿದ್ದರೆ ಅಜ್ಞಾನ ಎಂದು ಅತ್ತು ಸುಮ್ಮನಾಗಬಹುದಿತ್ತು. ಒಂದು ಹಂಡೆ ಬಿಸಿನೀರು ಇಲ್ಲಿ ಇದ್ದಿದ್ದರೆ ತಾನು ಅಡ್ಡ ನಿಲ್ಲುತ್ತಿರಲಿಲ್ಲ, ಮಗಳು ಬದುಕುತ್ತಿದ್ದಳು. ಆ ಲೆಕ್ಕ ಆಕೆಯ ಎದೆಯಲ್ಲಿ ಕೂತುಬಿಟ್ಟಿತು. ಕೂಸನ್ನು ಕಂಬಳಿಯಲ್ಲಿ ಮಲಗಿಸಿ, "ಹಂಗಾದ್ರ ನಾನು ಕಾಸ್ತೀನ್ರಿ" ಎಂದಳು.

ದಿನಗೂಲಿಯ ಮೇಲೆ ಆಕೆಯನ್ನು ಇಟ್ಟುಕೊಂಡರು. ಕಸ ಹೊಡೆಯುವುದು, ಸೂಜಿ ಕತ್ತರಿಗಳನ್ನು ಕುದಿಸಲು ಬೆಂಕಿ ಮಾಡುವುದು ಇಷ್ಟೇ ಕೆಲಸ. ಬಾಣಂತಿಯ ನೀರಿನ ಮಾತೆತ್ತಿದ್ದಕ್ಕೆ ಯಂಕಣ್ಣ ಕನ್ನಡಕವನ್ನು ಹಣೆಗೆ ಏರಿಸಿದ. ಯಂಕಣ್ಣ ಆ ದವಾಖಾನೆಯ ಗುಮಾಸ್ತ. ಕೆಟ್ಟವನಲ್ಲ, ಒಂದು ಕಡ್ಡಿಪೆಟ್ಟಿಗೆಯನ್ನೂ ಮನೆಗೆ ಒಯ್ದವನಲ್ಲ. ಆದರೆ ರಿಜಿಸ್ಟರಿನಲ್ಲಿ ಇಲ್ಲದ ವಸ್ತು ಲೋಕದಲ್ಲಿಯೂ ಇಲ್ಲ ಎಂದು ನಂಬಿದ್ದ ಮನುಷ್ಯ.

"ಸಾಮಾನು ಕುದಿಸೋ ಬಾಬ್ತು ಅದ, ಅಡಿಗಿ ಬಾಬ್ತು ಅದ. ಬಾಣಂತಿ ನೀರು ಅಂತ ಬಾಬ್ತೇ ಇಲ್ಲ ಬಂಡೆಮ್ಮ. ಮೂರು ತಿಂಗಳಿಗೆ ಒಂಬತ್ತು ಬಂಡಿ ಕಟ್ಟಿಗಿ. ಅದರ ಮ್ಯಾಲ ಒಂದು ಕಟ್ಟಿಗಿನೂ ಬರಂಗಿಲ್ಲ."

"ಮ್ಯಾಲ ಯಾರು ಕೇಳ್ಯಾರ್ರಿ? ಆ ಒಂಬತ್ತರಾಗ ಮಾಡಿದ್ರ?"

"ಅದರಾಗ ಮಾಡ್ತೀಯಾ? ಮಾಡು ನೋಡೋಣ" ಎಂದು ಯಂಕಣ್ಣ ನಕ್ಕ. ಒಂಬತ್ತು ಬಂಡಿ ಎರಡೂವರೆ ತಿಂಗಳಿಗೇ ಮುಗಿದು, ಕೊನೆಯ ಹದಿನೈದು ದಿನ ಅಡುಗೆಯ ಪಕೀರಮ್ಮ ಬೇವಿನ ಒಣ ಟೊಂಗೆ ಆರಿಸುತ್ತಿದ್ದುದನ್ನು ಆತ ವರ್ಷಗಟ್ಟಲೆ ನೋಡಿದ್ದ.

ಬಂಡೆಮ್ಮ ಮೊದಲು ಜಗಳ ಶುರು ಮಾಡಿದ್ದು ಕಟ್ಟಿಗೆಯ ಜೊತೆಗೆ. ಗುತ್ತಿಗೆದಾರ ತೂಕಕ್ಕೆ ಮಾರುವವನು, ಹಸಿ ಜಾಲಿಯನ್ನೇ ತಂದು ಸುರಿಯುತ್ತಿದ್ದ. ಅದು ಉರಿಯುವುದಕ್ಕಿಂತ ನೊರೆ ಬಿಟ್ಟು ಹೊಗೆ ಹಾಕುವುದೇ ಹೆಚ್ಚು. ಬಂಡೆಮ್ಮ ಅದನ್ನು ಬಿಸಿಲು ಬೀಳುವ ಗೋಡೆಗೆ ಒರಗಿಸಿ, ತಿಂಗಳು ಒಣಗಿದ್ದನ್ನು ಬಿಟ್ಟು ಬೇರೆಯದನ್ನು ಒಲೆಗೆ ಹಾಕದ ಹಾಗೆ ಸಾಲು ಹಚ್ಚಿದಳು. ಆಮೇಲೆ ಒಲೆ. ಅದರ ಬಾಯಿ ಎಮ್ಮೆ ತಲೆ ಹಾಕುವಷ್ಟು ಅಗಲ ಇತ್ತು, ಅರ್ಧ ಉರಿ ಹೊರಗೇ ಹೋಗುತ್ತಿತ್ತು. ಕಲ್ಲು ಮಣ್ಣು ಇಟ್ಟು ಅದನ್ನು ಕಿರಿದು ಮಾಡಿದಳು. ತೆರೆದೇ ಇರುತ್ತಿದ್ದ ಹಂಡೆಗೆ ಹಳೆಯ ಬಾಗಿಲಿನ ಹಲಗೆಯಿಂದ ಮುಚ್ಚಳ ಮಾಡಿಸಿದಳು. ಕೊನೆಗೆ ಜಗಳ ಪಕೀರಮ್ಮನವರೆಗೂ ಹೋಯಿತು. ಸಂಜೆಯ ಗಂಜಿ ಇಳಿಸಿದ ಮೇಲೆ ಪಕೀರಮ್ಮ ಒಂದು ಕೊಡ ನೀರು ಎತ್ತಿ ಒಲೆಗೆ ಸುರಿಯುವುದು ವಾಡಿಕೆ.

"ನಿಗಿನಿಗಿ ಕೆಂಡಕ್ಕ ನೀರು ಹಾಕ್ತೀಯಲ್ಲ, ಕೈ ಹೆಂಗ ಬರ್ತದ ನಿನಗ?"

"ಮತ್ತೇನು ದವಾಖಾನಿ ಸುಡಬೇಕೇನು?"

"ಸುಡಬ್ಯಾಡ. ನನಗ ಕೊಡು."

ಅಂದಿನಿಂದ ಸಂಜೆಯ ಕೆಂಡವೆಲ್ಲ ಬಂಡೆಮ್ಮನ ಪಾಲಾಯಿತು. ಖರ್ಚಿಲ್ಲದ ಆ ಕೆಂಡದ ಮೇಲೆ ಒಂದು ಹಂಡೆ ನೀರು ಕುದಿಯುವ ಮಟ್ಟಕ್ಕೆ ಬರುತ್ತಿತ್ತು. ಆದರೆ ಬಾಣಂತಿಗೆ ನೀರು ಬೇಕಾದದ್ದು ಮುಂಜಾನೆ. ಸಂಜೆ ಕುದ್ದ ನೀರು ಮುಂಜಾನೆಗೆ ಬಾವಿಯ ನೀರಿನಷ್ಟೇ ತಣ್ಣಗಾಗಿರುತ್ತಿತ್ತು. ಮತ್ತೆ ಕಾಯಿಸಲು ಮತ್ತೆ ಕಟ್ಟಿಗೆ. ಎರಡು ವರ್ಷ ಆಕೆ ಇಲ್ಲಿಯೇ ಸಿಕ್ಕಿಬಿದ್ದಳು. ಚಳಿ ಬಂತೆಂದರೆ ಹೆರಿಗೆಯ ಮಂಚಗಳು ಖಾಲಿ. ಹಡೆದವರೂ ಆ ದಿನವೇ ಬಂಡಿ ಏರಿ ಹೋಗಿಬಿಡುತ್ತಿದ್ದರು. ಖಾಲಿ ಮಂಚ ನೋಡಿದಾಗಲೆಲ್ಲ ಬಂಡೆಮ್ಮನಿಗೆ ಯಾವುದೋ ಮನೆಯ ಹೊಸ್ತಿಲಿಗೆ ಅಡ್ಡ ನಿಂತ ಯಾವಳೋ ತಾಯಿ ಕಾಣುತ್ತಿದ್ದಳು.

ದಾರಿ ತೋರಿದ್ದು ಒಂದು ಚೀಲ ಹೊಟ್ಟು. ಕಟ್ಟಿಗೆಯ ಬಂಡಿಯವನು ಸಿರವಾರದವನು. ಕೂರಲು ಮೆತ್ತಗಿರಲಿ ಎಂದು ಅಲ್ಲಿಯ ಅಕ್ಕಿ ಗಿರಣಿಯ ಹಿಂದೆ ಬಿದ್ದಿರುತ್ತಿದ್ದ ಭತ್ತದ ಹೊಟ್ಟನ್ನು ಚೀಲಕ್ಕೆ ತುಂಬಿ ಹಾಸಿಕೊಂಡು ಬರುತ್ತಿದ್ದ. ಒಂದು ಸಂಜೆ ಚೀಲ ಸರಿಸಲು ಹೋದ ಬಂಡೆಮ್ಮ ಹರುಕಿನೊಳಗೆ ಕೈ ಹಾಕಿದವಳು ಹಾಗೇ ನಿಂತಳು. ಮಧ್ಯಾಹ್ನದ ಬಿಸಿಲು ಇಳಿದು ಎಷ್ಟೋ ಹೊತ್ತಾಗಿತ್ತು, ಚೀಲದ ಒಳಗೆ ಮಾತ್ರ ಇನ್ನೂ ಮಧ್ಯಾಹ್ನವೇ ಇತ್ತು.

ಆಕೆಗೆ ಅಪ್ಪನ ಕುರಿಹಟ್ಟಿ ನೆನಪಾಯಿತು. ಚಳಿಗಾಲದಲ್ಲಿ ಕುರಿ ಮರಿ ಹಾಕಿದರೆ ಅಪ್ಪ ಸಣ್ಣ ಗುಂಡಿ ತೋಡಿ, ಒಣ ಹೊಟ್ಟು ತುಂಬಿ, ಅದರೊಳಗೆ ಮರಿಯನ್ನು ಕೂರಿಸಿ, ಮೇಲೆ ಬುಟ್ಟಿ ಮುಚ್ಚಿ, ಬುಟ್ಟಿಯ ಮೇಲೆ ಕಂಬಳಿ ಹೊದಿಸುತ್ತಿದ್ದ. ಮರಿಗೆ ಬೆಂಕಿ ಬೇಡ, ಅದರ ಬಿಸಿ ಅದಕ್ಕೇ ಉಳಿದರೆ ಸಾಕು ಎನ್ನುತ್ತಿದ್ದ. ಇಷ್ಟು ವರ್ಷ ಗೊತ್ತಿದ್ದ ಮಾತು ಈಗ ಹೊಳೆಯಿತಲ್ಲ ಎಂದು ಬಂಡೆಮ್ಮ ತನ್ನ ಹಣೆಯನ್ನು ತಾನೇ ಬಡಿದುಕೊಂಡಳು.

ಮರುದಿನವೇ ತಗಡಿನ ಕೋಣೆಯ ಮೂಲೆಯಲ್ಲಿ ಎದೆಮಟ್ಟದ ಗುಂಡಿ ತೋಡಿ, ತಳಕ್ಕೂ ಸುತ್ತಲಿಗೂ ಕಲ್ಲು ಕಟ್ಟಿದಳು. ಬಂಡಿಯವನಿಗೆ ಎರಡು ರೊಟ್ಟಿ ಕೊಟ್ಟು ಎಂಟು ಚೀಲ ಹೊಟ್ಟು ತರಿಸಿದಳು. ಗಿರಣಿಯವರು ಒಯ್ದಷ್ಟೂ ಒಳ್ಳೆಯದಾಯಿತು ಎಂದರಂತೆ. ಗುಂಡಿಯ ನಡುವೆ ಒಂದು ಹಂಡೆ ಇಟ್ಟು ಸುತ್ತಲೂ ಮೊಳದಗಲ ಹೊಟ್ಟು ತುಳಿದು ತುಂಬಿದಳು. ಸಂಜೆ ಕೆಂಡದ ಮೇಲೆ ಕುದಿಸಿದ ನೀರನ್ನು ಕೊಡದಲ್ಲಿ ತಂದು ಆ ಹಂಡೆಗೆ ಸುರಿದು, ಹಲಗೆ ಮುಚ್ಚಿ, ಹಲಗೆಯ ಮೇಲೆ ಹೊಟ್ಟಿನ ಚೀಲ, ಅದರ ಮೇಲೆ ಅಪ್ಪನ ಕಂಬಳಿ. ಮುಂಜಾನೆ ಕಂಬಳಿ ಎತ್ತಿ ಮೊಣಕೈ ಇಳಿಸಿದಳು. ಇಳಿಸಿದಷ್ಟೇ ಬೇಗ ಎತ್ತಿಕೊಂಡಳು. ತಣ್ಣೀರು ಬೆರೆಸದೆ ಹಾಕುವಂತಿರಲಿಲ್ಲ.

ಗುಲ್ಶನ್ ಬೇಗಂ ಓಡಿ ಬಂದು ಕೈ ಅದ್ದಿ, "ಯಾ ಅಲ್ಲಾ" ಎಂದು ಬಂಡೆಮ್ಮನ ಕೆನ್ನೆ ಹಿಂಡಿದರು. ಮುಂಜಾನೆ ಸೂಜಿ ಕತ್ತರಿ ಕುದಿಸುವುದಕ್ಕೂ ಆ ನೀರನ್ನೇ ಪಾತ್ರೆಗೆ ಹಾಕತೊಡಗಿದರು. ಅರ್ಧ ಕಾದ ನೀರು ಕುದಿಯಲು ನಾಲ್ಕು ಕಟ್ಟಿಗೆ ಬದಲು ಒಂದು ಸಾಕಾಯಿತು. ಬಾಣಂತಿಯರು ಮೂರು ದಿನ, ಐದು ದಿನ ಉಳಿಯತೊಡಗಿದರು. ಆ ದವಾಖಾನೆಯಲ್ಲಿ ಸುಡುಸುಡು ನೀರು ಹಾಕುತ್ತಾರೆ, ಒಬ್ಬ ಮುದುಕಿ ಬೆನ್ನು ತಿಕ್ಕುತ್ತಾಳೆ ಎಂಬ ಸುದ್ದಿ ಕುರ್ಡಿಯವರೆಗೂ ಹೋಯಿತು. ಬಂಡೆಮ್ಮನಿಗೆ ಆಗ ಐವತ್ತೂ ಆಗಿರಲಿಲ್ಲ. ಮುದುಕಿ ಎಂದದ್ದಕ್ಕೆ ನಾಲ್ಕು ದಿನ ಸಿಟ್ಟಾಗಿದ್ದಳು.

ತೊಂದರೆ ಬಂದದ್ದು ಮಾರ್ಚ್ ತಿಂಗಳಲ್ಲಿ. ವರ್ಷದ ಕೊನೆಗೆ ಯಂಕಣ್ಣ ದಾಸ್ತಾನು ನೋಡಲು ಹಿತ್ತಿಲಿಗೆ ಬಂದ. ಗೋಡೆಗೆ ಒರಗಿ ಪೂರಾ ಮೂರು ಬಂಡಿ ಕಟ್ಟಿಗೆ ನಿಂತಿತ್ತು. ಯಂಕಣ್ಣ ಎರಡು ಸಲ ಎಣಿಸಿದ. ಕಟ್ಟಿಗೆ ಕಡಿಮೆ ಬಿದ್ದರೆ ಏನು ಬರೆಯಬೇಕೆಂದು ಆತನಿಗೆ ಗೊತ್ತಿತ್ತು, ಹದಿನಾಲ್ಕು ವರ್ಷ ಅದನ್ನೇ ಬರೆದಿದ್ದ. ಉಳಿದರೆ ಏನು ಬರೆಯಬೇಕು? ಮಂಚ ತುಂಬಿದ ವರ್ಷ ಕಟ್ಟಿಗೆ ಉಳಿಯಿತೆಂದರೆ ಹಿಂದಿನ ವರ್ಷಗಳದ್ದೆಲ್ಲ ಎಲ್ಲಿ ಹೋಯಿತು ಎಂದು ಕೇಳುತ್ತಾರೆ. ಪಾಪ, ಎರಡು ರಾತ್ರಿ ನಿದ್ದೆಗೆಟ್ಟು, ಕೊನೆಗೆ ಇದ್ದದ್ದನ್ನು ಇದ್ದ ಹಾಗೆ ರಾಯಚೂರಿಗೆ ಬರೆದು ಹಾಕಿದ. ಅದರಲ್ಲಿ ಬಾಬ್ತು ಇಲ್ಲದ ಬಾಣಂತಿ ನೀರಿನ ಸಂಗತಿಯೂ ಬಂತು.

ಉತ್ತರವಾಗಿ ಜೀಪೇ ಬರುತ್ತದೆಂದು ಕಾಗದ ಬಂತು. ಸಾಹೇಬರೊಬ್ಬರು ತಪಾಸಣೆಗೆ ಬರುತ್ತಾರೆ, ಆ ನೀರನ್ನು ಕಣ್ಣಾರೆ ನೋಡುತ್ತಾರೆ, ನಡೆಸಬೇಕೋ ನಿಲ್ಲಿಸಬೇಕೋ ಅವರೇ ಹೇಳುತ್ತಾರೆ.

"ನೋಡು ಬಂಡೆಮ್ಮ, ಸಾಹೇಬ್ರು ಬ್ಯಾಡಂದ್ರ ಗುಂಡಿ ಮುಚ್ಚಬೇಕಾಗ್ತದ. ಎಲ್ಲಾ ಸ್ವಚ್ಛ ಇರಲಿ" ಎಂದ ಯಂಕಣ್ಣ.

ಸ್ವಚ್ಛ ಎಂದರೆ ಬಂಡೆಮ್ಮನಿಗೆ ಹೇಳಿಕೊಡಬೇಕೇ? ದೊಡ್ಡವರು ಬರುತ್ತಾರೆಂದರೆ ನೆಲ ಸಾರಿಸದೆ ಕೂರುವ ಮನೆತನವಲ್ಲ ಅದು. ಹಿಂದಿನ ದಿನ ಬೆಳಗಾಗುತ್ತಲೇ ಎದ್ದು ಕಂಬಳಿಯನ್ನು ಹಳ್ಳಕ್ಕೆ ಒಯ್ದು, ಹೊಗೆ ವಾಸನೆ ಹೋಗುವವರೆಗೂ ಬಡಿದು ಒಗೆದಳು. ಸಂಜೆ ನೀರು ತುಂಬಿಸಿ ಹಲಗೆ ಮುಚ್ಚಿದ ಮೇಲೆ ಇಡೀ ಕೋಣೆಯನ್ನು ಸೆಗಣಿಯಿಂದ ಸಾರಿಸಿದಳು. ನೆಲ ಆಯಿತು, ಒಲೆ ಆಯಿತು, ಗುಂಡಿಯ ಮೇಲೆ ಕಾಣುವ ಹೊಟ್ಟು ಮಾತ್ರ ಕೆದರಿದ ತಲೆಯ ಹಾಗೆ ಕಂಡಿತು. ಅದರ ಮೇಲೂ ನೀರು ಕಲಸಿದ ಸೆಗಣಿಯನ್ನು ಬಳಿದಳು. ಬಳಿದದ್ದನ್ನು ಹೊಟ್ಟು ಕುಡಿಯಿತು, ಇನ್ನೊಂದು ಸಲ ಬಳಿದಳು. ಕಂಬಳಿ ಇನ್ನೂ ಒಣಗಿರಲಿಲ್ಲ. ಅದರ ಬದಲು ವಾರ್ಡಿನ ಬಿಳಿ ಚಾದರ ಹೊದಿಸಿ, ಮುಂದೆ ರಂಗೋಲಿ ಹಾಕಿದಳು.

ಸಾಹೇಬರು ಮುಂಜಾನೆ ಒಂಬತ್ತಕ್ಕೆ ಬಂದರು. ಸಣಕಲು ಮನುಷ್ಯ, ತಲೆಯ ಮೇಲೆಲ್ಲ ಧೂಳು. ರಂಗೋಲಿ ದಾಟಿ ಬಂದು, ಚಾದರ, ಹಲಗೆ ಸರಿಸಿ, ಅಂಗಿಯ ತೋಳು ಮಡಚಿ ಹಂಡೆಗೆ ಕೈ ಹಾಕಿದರು. ಕೈಯನ್ನು ಅಲ್ಲಿಯೇ ಇಟ್ಟುಕೊಂಡು ಯಂಕಣ್ಣನ ಕಡೆ ನೋಡಿದರು.

"ಏನ್ರಿ ಇದು? ಉಗುರು ಬೆಚ್ಚಗ ಸೈತ ಇಲ್ಲ."

ಬಂಡೆಮ್ಮ ಮುಂದೆ ಬಂದು ಮೊಣಕೈ ಅದ್ದಿದಳು. ಕಣ್ಣು ಮುಚ್ಚಬೇಕಾಗಿಯೇ ಬರಲಿಲ್ಲ.

"ಈ ನೀರಿನ ಸಲುವಾಗಿ ಕಾಗದ ಬರೆದ್ರೇನು? ಕಟ್ಟಿಗೆ ಉಳಿದದ್ದು ಯಾಕಂತ ಬ್ಯಾರೆ ರೀತಿಯಿಂದ ನೋಡಬೇಕಾಗ್ತದ" ಎಂದರು ಸಾಹೇಬರು, ಕೈ ಒರೆಸಿಕೊಳ್ಳುತ್ತ. "ಇದನ್ನ ಮುಚ್ಚಿಸ್ರಿ. ಬಾಣಂತೇರು ಮನ್ಯಾಗ ಸ್ನಾನ ಮಾಡ್ಲಿ."

ಬಂಡೆಮ್ಮನಿಗೆ ಆ ಕೊನೆಯ ಮಾತು ಕಪಾಳಕ್ಕೆ ಹೊಡೆದಂತಾಯಿತು. ಮನೆಯಲ್ಲಿ ಸ್ನಾನ ಎಂದರೆ ಮನೆಯಲ್ಲಿ ಹೆರಿಗೆ. ಗುಂಡಿಯ ಅಂಚಿಗೆ ಕೂತು, ಏನಾಯಿತೆಂದು ತಿಳಿಯದೆ, ಒಡೆದ ಸೆಗಣಿಯ ಪದರದೊಳಗೆ ಬೆರಳು ತೂರಿಸಿದಳು. ಹೊಟ್ಟು ಮುದ್ದೆಯಾಗಿ ಕೈಗೆ ಬಂತು. ಕೆಳಗೆ ಕೆದಕಿದಳು, ಅಲ್ಲಿಯೂ ಹಸಿ. ಹಂಡೆಯ ಮೈವರೆಗೂ ಹಸಿ. ಅಪ್ಪ ಮಳೆ ಹನಿದರೆ ಸಾಕು, ಮರಿ ಬಿಟ್ಟು ಮೊದಲು ಹೊಟ್ಟನ್ನು ಬದಲಿಸುತ್ತಿದ್ದುದು ಆಗ ನೆನಪಿಗೆ ಬಂತು.

"ಸಾಹೇಬ್ರ, ತಪ್ಪು ಗುಂಡೀದಲ್ರಿ, ನಂದು. ನೀವು ಬರ್ತೀರಂತ ಹೆಂಡಿಲೆ ಸಾರಿಸೀನಿ. ಹೊಟ್ಟಿಗೆ ನೀರು ಇಳದಾವ. ಕಂಬಳಿನೂ ಒಗದುಬಿಟ್ಟೀನಿ" ಎಂದಳು. ಹಿಡಿ ಹಸಿ ಹೊಟ್ಟನ್ನು ಅವರ ಮುಂದೆ ಚಾಚಿದಳು. "ನಿಮಗ ಮರ್ಯಾದಿ ಮಾಡಾಕ ಹೋಗಿ ಕೆಡಿಸೀನ್ರಿ ಯಪ್ಪಾ. ಇವತ್ತು ಒಂದು ದಿನ ಬಿಡ್ರಿ."

ಸಾಹೇಬರು ಆ ಹಿಡಿಯನ್ನು ನೋಡಿದರು, ರಂಗೋಲಿಯನ್ನು ನೋಡಿದರು. ಬಾಗಿಲಲ್ಲಿ ಗುಲ್ಶನ್ ಬೇಗಂ ಸೊಂಟದ ಮೇಲೆ ಕೈ ಇಟ್ಟು ನಿಂತಿದ್ದರು. ಅವರ ಮುಖ ನೋಡಿ ಬೇಡ ಎನ್ನಲು ಯಾವ ಸಾಹೇಬನಿಗೂ ಧೈರ್ಯ ಬೇಕಿತ್ತು. "ನಾನು ದೇವದುರ್ಗಕ್ಕೆ ಹೋಗಿ ಸಂಜಿಕೆ ಇದೇ ದಾರೀಲೆ ಬರ್ತೀನಿ. ಈಗ ನೀರು ತುಂಬಿಸ್ರಿ. ನನ್ನ ಕಣ್ಣ ಮುಂದನ ಮುಚ್ಚಬೇಕು" ಎಂದರು.

ಮುಂದಿನ ಒಂದು ತಾಸು ಆ ಹಿತ್ತಿಲಲ್ಲಿ ಎಲ್ಲರೂ ಬೆವೆತರು. ಪಕೀರಮ್ಮ ಒಲೆಗೆ ಕೂತಳು. ಬಂಡೆಮ್ಮ ಹಸಿ ಹೊಟ್ಟನ್ನೆಲ್ಲ ಬಗೆದು ಹೊರಗೆ ಹಾಕಿದಳು. ಚಾವಣಿಯ ಕೆಳಗೆ ಕಾದಿಟ್ಟಿದ್ದ ಐದು ಚೀಲ ಒಣ ಹೊಟ್ಟನ್ನು ಸ್ವತಃ ಯಂಕಣ್ಣನೇ, ಧೋತರ ಮೇಲೆ ಕಟ್ಟಿ, ಹೊತ್ತು ತಂದ. ಬಿಸಿಲಿಗೆ ಒಣಗಿದ್ದ ಕಂಬಳಿ ಬಂತು. ನೀರು ಕುದ್ದು, ತುಂಬಿ, ಹಲಗೆ, ಚೀಲ, ಕಂಬಳಿ ಎಲ್ಲ ಮುಚ್ಚಿದ ಮೇಲೆ ಯಂಕಣ್ಣ ಯಾರೂ ಹೇಳದೆಯೇ ಒಳಗೆ ಓಡಿ ಅರಗು, ಮೊಹರು ತಂದ. ಕಂಬಳಿಯ ಮೇಲಿಂದ ಹಗ್ಗ ಬಿಗಿದು, ಗಂಟಿನ ಮೇಲೆ ಕೆಂಪು ಅರಗು ಸುರಿದು, ಸರ್ಕಾರದ ಮೊಹರು ಒತ್ತಿದ. "ನಾಳೆ ಯಾರೂ ಮಾತಾಡಬಾರದು" ಎಂದ. ಲೋಕದಲ್ಲಿ ಮೊಹರು ಬಿದ್ದ ಮೊದಲ ಬಿಸಿನೀರು ಅದೇ ಇರಬೇಕು.

ಜೀಪು ಹೋಯಿತು. ಬಂಡೆಮ್ಮ ಅಂದು ಉಣ್ಣಲಿಲ್ಲ. ಗುಂಡಿಯ ಪಕ್ಕದಲ್ಲಿ ಗೋಡೆಗೆ ಒರಗಿ ಕೂತಳು. ಕಂಬಳಿಯ ಮೇಲೆ ಕೈ ಇಟ್ಟು ನೋಡುವುದು, ಬಿಸಿ ತಗಲದಿದ್ದರೆ ಒಳಗೂ ಆರಿದೆಯೇನೋ ಎಂದು ಹೆದರುವುದು. ಬಿಸಿ ತಗಲಿದರೆ ಹೊರಗೆ ಬರುತ್ತಿದೆಯಲ್ಲ ಎಂದು ಇನ್ನೂ ಹೆದರುವುದು. ಬೂದೆಮ್ಮ ಎಂದು ಒಂದು ಸಲ ತುಟಿಯೊಳಗೇ ಅಂದಳು. ಆ ಹೆಸರನ್ನು ಆಕೆ ಬಾಯಿಬಿಟ್ಟು ಹೇಳಿ ಐದು ವರ್ಷ ಆಗಿತ್ತು.

ಸಂಜೆ ಐದಕ್ಕೆ ಜೀಪು ಬಂತು. ಸಾಹೇಬರು ತಾವೇ ಮೊಹರು ಒಡೆದು, ಕಂಬಳಿ ಎತ್ತಿ, ಹಲಗೆ ಸರಿಸಿದರು. ಹಬೆ ಎದ್ದು ಅವರ ಕನ್ನಡಕ ಮಸುಕಾಯಿತು. ಕೈ ಹಾಕಿದವರು "ಅಬಾಬಾ" ಎಂದು ಹಿಂದಕ್ಕೆ ಎಳೆದುಕೊಂಡರು. ಆಮೇಲೆ ದೇವದುರ್ಗದ ದಾರಿಯ ಧೂಳು ತುಂಬಿದ ತಮ್ಮ ಕಾಲುಗಳನ್ನು ನೋಡಿಕೊಂಡು, ಸಣ್ಣ ದನಿಯಲ್ಲಿ, "ಒಂದು ತಂಬಿಗಿ ಕೊಡ್ತೀರೇನಮ್ಮಾ, ಕಾಲಿಗೆ?" ಎಂದರು.

ಬಂಡೆಮ್ಮ ಅಳುತ್ತಲೇ ನೀರು ಬೆರೆಸಿ ಕೊಟ್ಟಳು.

ಸಾಹೇಬರು ಹೋಗುವ ಮುಂಚೆ ರಿಜಿಸ್ಟರು ತರಿಸಿ ಒಂದು ಸಾಲು ಬರೆದರು: ಬಾಣಂತಿಯರಿಗೆ ಬಿಸಿನೀರು, ಇರುವ ಕಟ್ಟಿಗೆಯಲ್ಲಿಯೇ, ಮುಂದುವರಿಸುವುದು. ಸರ್ಕಾರ ಸರ್ಕಾರವೇ ತಾನೆ, ಮುಂದಿನ ವರ್ಷ ಒಂಬತ್ತು ಬಂಡಿಯನ್ನು ಏಳಕ್ಕೆ ಇಳಿಸಿದರು. ಉಳಿಸಿದವರಿಗೆ ಕಡಿಮೆ ಕೊಡುವುದು ಯಾವ ನ್ಯಾಯವೋ ನನಗೆ ತಿಳಿಯದು. ಆದರೆ ಉಳಿದ ಹಣದಲ್ಲಿಯೇ ಒಂದು ದೊಡ್ಡ ತಾಮ್ರದ ಹಂಡೆ ಬಂತು, ಮೈಮೇಲೆ ದವಾಖಾನೆಯ ಹೆಸರು ಕೆತ್ತಿದ್ದು. ಬಂಡೆಮ್ಮ ಅದನ್ನು ಹುಣಸೆಹಣ್ಣು ಹಚ್ಚಿ ಎಷ್ಟು ತಿಕ್ಕಿದಳೆಂದರೆ ನಾಲ್ಕು ವರ್ಷದಲ್ಲಿ ಅಕ್ಷರಗಳೇ ಸವೆದುಹೋಗಿ, ಯಂಕಣ್ಣ ಅದು ಸರ್ಕಾರದ್ದೆಂದು ಹೇಗೆ ತೋರಿಸಲಿ ಎಂದು ಗೋಳಾಡಿದ. ಆ ಏಳು ಬಂಡಿಯಲ್ಲಿಯೂ ಆಕೆ ಪ್ರತಿ ಸಲ ಒಂದಿಷ್ಟು ಉಳಿಸುತ್ತಿದ್ದಳು. ಯಂಕಣ್ಣ ಅದನ್ನು ಬರೆಯುವುದನ್ನು ಮಾತ್ರ ನಿಲ್ಲಿಸಿದ. ಜೀವಮಾನದಲ್ಲಿ ಆತ ಮಾಡಿದ ತಪ್ಪು ಅದೊಂದೇ.

ಒಮ್ಮೆ ಆಕೆಯನ್ನು ರಾಯಚೂರಿಗೂ ಕರೆಸಿದರು. ನಾಲ್ಕೂರಿನ ದವಾಖಾನೆಯವರ ಮುಂದೆ ಹೊಟ್ಟು ತುಳಿಯುವುದು ಹೇಗೆಂದು ತೋರಿಸಬೇಕಿತ್ತು. ತೋರಿಸಿ ಬಂದಳು. ಊರು ಹೇಗಿತ್ತೆಂದು ಕೇಳಿದರೆ, "ಚಾ ಭಾಳ ತಣ್ಣಗ ಕೊಡ್ತಾರ" ಎಂದಷ್ಟೇ ಹೇಳಿದಳು.

ಎಂಬತ್ತರ ನಂತರ ಕರೆಂಟಿನ ಬಾಯ್ಲರು ಬಂತು. ಬಂಡೆಮ್ಮನ ಕೆಲಸ ಮುಗಿಯಿತೆಂದು ಎಲ್ಲರೂ ಅಂದುಕೊಂಡರು. ಕರೆಂಟು ತನಗೆ ಇಷ್ಟ ಬಂದಾಗ ಬರುತ್ತಿತ್ತು, ಬಾಣಂತಿಗೆ ಬೇಕಾದಾಗ ಇರುತ್ತಿರಲಿಲ್ಲ. ಬಂದಾಗ ಕಾಯಿಸಿ ಹೊಟ್ಟಿನ ಹಂಡೆಗೆ ತುಂಬಿಸಿಡುವುದೇ ಸರಿ ಎಂದು ಗುಲ್ಶನ್ ಬೇಗಂ ತೀರ್ಮಾನಿಸಿದರು. ಹೀಗೆ ಬಾಯ್ಲರೂ ಬಂಡೆಮ್ಮನ ಕೈಕೆಳಗೆ ದುಡಿಯತೊಡಗಿತು.

ಈ ನಡುವೆ ಭೀಮವ್ವ ಬೆಳೆದಳು. ಆಡಿನ ಹಾಲು ಕುಡಿದು, ಬೇವಿನ ಮರದ ಕೆಳಗೆ ಆಡಿ, ಏಳನೆಯ ಇಯತ್ತೆವರೆಗೆ ಓದಿ, ಕುರ್ಡಿಯ ಹುಡುಗನನ್ನು ಮದುವೆಯಾದಳು. ತಾಯಿ ಹೇಗೆ ಸತ್ತಳೆಂದು ಕೇಳಿದಾಗಲೆಲ್ಲ ಬಂಡೆಮ್ಮ "ಹಣೀಬರಹ" ಎಂದು ಎದ್ದು ಹೋಗಿಬಿಡುತ್ತಿದ್ದಳು. ಸಾವಿರ ಬಾಣಂತಿಯರ ಬೆನ್ನು ತಿಕ್ಕಿದ ಕೈ ಅದು; ಹೊಸ್ತಿಲಲ್ಲಿ ಆಡಿದ ಆ ಒಂದು ಮಾತನ್ನು ತಿಕ್ಕಿ ತೆಗೆಯಲು ಅದಕ್ಕೆ ಆಗಿರಲಿಲ್ಲ.

ಎಂಬತ್ತೆಂಟರ ಚಳಿಗಾಲದಲ್ಲಿ ಭೀಮವ್ವ ಹೆರಿಗೆಗೆ ಬಂದಳು. ಯಾರೂ ಅಡ್ಡ ನಿಲ್ಲಲಿಲ್ಲ. ನಡುಹಗಲಿಗೆ ಹೆಣ್ಣುಕೂಸು ಹುಟ್ಟಿತು, ತಾಯಿಯೂ ಗಟ್ಟಿಯಾಗಿದ್ದಳು. ಮೂರನೆಯ ದಿನ ಮುಂಜಾನೆ ಸ್ನಾನ. ಎರಡು ದಿನದಿಂದ ಕರೆಂಟಿರಲಿಲ್ಲ. ಹಳೆಯ ಕಾಲದ ಹಾಗೆಯೇ ಸಂಜೆಯ ಕೆಂಡದ ಮೇಲೆ ಕಾಯಿಸಿ ತುಂಬಿಟ್ಟ ನೀರು. ಬಂಡೆಮ್ಮ ಕಂಬಳಿ ಎತ್ತಿ ಮೊಣಕೈ ಅದ್ದಿದಳು. ನಂಬಿಕೆ ಬರಲಿಲ್ಲ. ಇನ್ನೊಂದು ಮೊಣಕೈ ಅದ್ದಿದಳು. ಕೊನೆಗೆ, ಹದಿನೆಂಟು ವರ್ಷದಲ್ಲಿ ಮೊದಲ ಸಲ, ಗುಲ್ಶನ್ ಬೇಗಂ ಅವರನ್ನು ಕರೆದಳು.

"ನರ್ಸಮ್ಮಾರ, ನೀವು ಸ್ವಲ್ಪ ನೋಡ್ರಿ. ಬಿಸಿ ಅದಾವಿಲ್ಲೋ?"

ಗುಲ್ಶನ್ ಬೇಗಂ ನೋಡಿದರು. "ಕಾದಾವ ಬಂಡೆಮ್ಮ. ಚೆನ್ನಾಗಿ ಕಾದಾವ" ಎಂದು ಹೇಳಿ, ಬಾಗಿಲು ಎಳೆದುಕೊಂಡು ಹೊರಗೆ ಹೋದರು.

ಭೀಮವ್ವ ಮಣೆಯ ಮೇಲೆ ಮಂಡಿ ಮಡಚಿ ಕೂತಳು. ಬಂಡೆಮ್ಮ ಮೊದಲ ತಂಬಿಗೆಯನ್ನು ಬೆನ್ನಿಗೆ ಹಾಕಿದಳು. "ಹಾ, ಸುಡಾಕತ್ತಾವಬೇ ಯವ್ವಾ" ಎಂದಳು ಭೀಮವ್ವ, ನಗುತ್ತ. ಬಂಡೆಮ್ಮ ಎರಡನೆಯ ತಂಬಿಗೆ ಎತ್ತಿದಳು. ಎತ್ತಿದ ಕೈ ಅಲ್ಲಿಯೇ ನಿಂತಿತು.

"ಭೀಮೀ. ನಿಮ್ಮವ್ವನ ದವಾಖಾನಿಗೆ ಒಯ್ಯಾಕ ನಿಮ್ಮಪ್ಪ ಬಂಡಿ ಕಟ್ಟಿ ನಿಂದರಿಸಿದ್ದ. ಬ್ಯಾಡಂದಾಕಿ ನಾನಽ. ಬಾಗಲಾಗ ಅಡ್ಡ ನಿಂತಾಕಿ ನಾನು."

ಭೀಮವ್ವ ತಲೆ ಎತ್ತಲಿಲ್ಲ. ಭುಜದಿಂದ ಹನಿಗಳು ಮಂಡಿಯ ಮೇಲೆ ಬೀಳುತ್ತಿದ್ದವು.

"ಗೊತ್ತದಬೇ" ಎಂದಳು. "ನನ್ನ ಲಗ್ನದಾಗ ಅಪ್ಪ ಹೇಳಿದ್ದ."

"ಗೊತ್ತಿದ್ದೂ ನನ್ನ ಕಡೆ ಬಂದೀ?"

"ಮತ್ತ್ಯಾರ ಕಡೆ ಹೋಗ್ಲಿ?" ಭೀಮವ್ವ ಕೈ ಹಿಂದೆ ಚಾಚಿ ಅಜ್ಜಿಯ ಒದ್ದೆ ಸೀರೆಯ ಅಂಚನ್ನು ಹಿಡಿದಳು. "ಹಾಕು ಯವ್ವಾ, ನೀರು ಆರ್ತಾವ."

ಬಂಡೆಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು.

"ಆರಂಗಿಲ್ಲ" ಎಂದಳು, ಮತ್ತು ತಂಬಿಗೆ ತುಂಬ ನೀರನ್ನು ಮೊಮ್ಮಗಳ ನೆತ್ತಿಯ ಮೇಲೆ ಮೆಲ್ಲಗೆ ಸುರಿದಳು.